ಅಕ್ಕನ ಚೀಲ ಯಾರ ಮಡಿಲಲ್ಲಿ

ಕಳೆದ ಮಾರ್ಚಿನ ಎರಡನೆಯ ಮಂಗಳವಾರ, ಬೆಳಗಿನ ಆರು ಗಂಟೆ. ಶಿರಸಿಯ ನನ್ನ ಮನೆಯ ಹಿಂದಿನ ಅಂಗಳ. ಹಾಜರಿದ್ದವರು ನಾನು ಮತ್ತು ನನ್ನ ಅಕ್ಕ. ಅಕ್ಕ ಹಾಜರಿದ್ದಳು ಎಂದು ಬರೆಯಲು ಸ್ವಲ್ಪ ಸಂಕೋಚ. ಆಕೆಯ ಕಣ್ಣು ಅಡುಗೆಮನೆಯ ಬಾಗಿಲ ಕಡೆಗಿತ್ತು.

"ಚಾ ಆದ್ರೂ ಕುಡಿಯಲೆ ಬಿಡೇ ಕೂಸೆ. ಕಳ್ಳರಿಗೂ ಚಾ ಕುಡಿಯ ಹೊತ್ತು ಹೇಳಿ ಇರ್ತಿಲ್ಯಾ?"

"ಇರ್ತು. ನೀನು ಚಾ ಕುಡಿಯ ಹೊತ್ತೇ ಅವರ ಕೆಲಸದ ಹೊತ್ತು. ನೆಟ್ಟಗೆ ನಿಂತ್ಗ" ಎಂದೆ.

ಸಿದ್ದಾಪುರದ ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ವಾರ್ಡನ್ ಆಗಿ ನನ್ನ ಉದ್ಯೋಗದ ಕಾಲವೆಲ್ಲ ಕಳೆದಿದೆ. ಏಳುವ ಗಂಟೆ, ಸ್ನಾನದ ಸಾಲು, ಊಟದ ಸಾಲು, ದೀಪ ಆರಿಸುವ ಗಂಟೆ. ನಿವೃತ್ತಿಯಾದ ಮೇಲೆ ಗಂಟೆ ಬಾರಿಸುವವರಿಲ್ಲ, ಆದರೂ ನಾನು ಅದೇ ಹೊತ್ತಿಗೆ ಏಳುತ್ತೇನೆ, ಅದೇ ಹೊತ್ತಿಗೆ ದೀಪ ಆರಿಸುತ್ತೇನೆ. ಅಕ್ಕ ನನಗಿಂತ ದೊಡ್ಡವಳು, ಎಲ್ಲದರಲ್ಲೂ ನನಗೆ ತದ್ವಿರುದ್ಧ. ಯಲ್ಲಾಪುರದಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಆಕೆಯ ಲೋಕವೆಂದರೆ ಡೇರೆ ಹೂ, ಪೇಟೆಯವರು ಡೇಲಿಯಾ ಎನ್ನುವುದು. ಯಾರ ಮನೆಗೆ ಹೋದರೂ ಒಂದು ಗಡ್ಡೆ ಕೊಟ್ಟು ಇನ್ನೊಂದು ಬಣ್ಣದ ಗಡ್ಡೆ ತರುತ್ತಾಳೆ. ಮಳೆಗಾಲದಲ್ಲಿ ಅವಳ ಅಂಗಳ ನೋಡಲು ದಾರಿಹೋಕರೂ ನಿಲ್ಲುತ್ತಾರೆ.

ಹೂವಿನ ಹುಚ್ಚೇ ಅವಳನ್ನು ಹಾಲೆಂಡಿಗೆ ಎಳೆಯುತ್ತಿತ್ತು. ಅಲ್ಲಿ ಏಪ್ರಿಲಿನಲ್ಲಿ ಟುಲಿಪ್ ಹೂಗಳು ಕಣ್ಣು ಹಾಯುವವರೆಗೂ ಅರಳಿರುತ್ತವೆ ಎಂದು ಮೊಬೈಲಿನಲ್ಲಿ ನೋಡಿದ್ದಳು. ಭಜನೆಯ ಗೆಳತಿಯರ ಒಂದು ಗುಂಪು ಟೂರಿನವರ ಜೊತೆ ಹೊರಟಿತ್ತು. ಹಾಲೆಂಡ್ ಮುಗಿಸಿ ಪ್ಯಾರಿಸ್ಸಿಗೆ ಹೋಗಿ ವಾಪಸ್ಸು. ಅಕ್ಕ ಸಾಯುವುದರೊಳಗೆ ಇದೊಂದನ್ನು ನೋಡಬೇಕೆಂದು ಹಟ ಹಿಡಿದಳು. ಆಕೆಯ ಮಗನಿಗೆ ಅಂಜಿಕೆ. ಅಮ್ಮ ಯಾರು ಕೇಳಿದರೂ ಕೊಡುವವಳು, ಯಾರು ಕೊಟ್ಟರೂ ಇಸಿದುಕೊಳ್ಳುವವಳು. ಅಲ್ಲಿ ಪಾಸ್‌ಪೋರ್ಟ್ ಕಳಕೊಂಡು ರಸ್ತೆಯಲ್ಲಿ ನಿಂತರೆ ಗತಿಯೇನು ಎಂಬುದು ಅವನ ಪ್ರಶ್ನೆ. ಕೊನೆಗೆ ಅವನೊಂದು ಮಾತು ಹೇಳಿದ: "ಚಿಕ್ಕಿ ಹತ್ರ ನಾಕು ದಿನ ಇದ್ದು ಬಾ. ಚಿಕ್ಕಿ ಪಾಸು ಮಾಡಿದ್ರೆ ಕಳಿಸ್ತೆ, ಇಲ್ದಿದ್ರೆ ಇಲ್ಲೆ." ಬುಧವಾರ ಟೂರಿನವರಿಗೆ ಖಚಿತ ಹೇಳಬೇಕಿತ್ತು. ಮಂಗಳವಾರ ನನ್ನ ಪಾಠದ ಕೊನೆಯ ದಿನ, ಪರೀಕ್ಷೆಯ ದಿನ.

ನನಗೆ ಈ ಅಧಿಕಾರ ಬಂದದ್ದು ನಾನೊಮ್ಮೆ ಆ ಕಡೆಗೆಲ್ಲ ಹೋಗಿ ಬಂದದ್ದರಿಂದ. ನಿವೃತ್ತ ಸಹೋದ್ಯೋಗಿಗಳ ಜೊತೆ ಹೋಗಿದ್ದೆ, ಒಂದು ಕರವಸ್ತ್ರವನ್ನೂ ಕಳೆದುಕೊಳ್ಳದೆ ಬಂದಿದ್ದೆ. ಆ ದೇಶಗಳ ಬೀದಿ ಮೋಸಗಳಿಗೂ ಒಂದು ಪಠ್ಯಕ್ರಮವಿದೆ. ಒಬ್ಬ ಹೆಗಲ ಮೇಲೆ ಏನೋ ಚೆಲ್ಲುತ್ತಾನೆ, ಅಯ್ಯೋ ಎನ್ನುತ್ತ ಒರೆಸಲು ಬರುತ್ತಾನೆ. ಒರೆಸುವಾಗ ಅವನ ಜೊತೆಗಾರ ನಿಮ್ಮ ಚೀಲದ ಜಿಪ್ ಎಳೆದಿರುತ್ತಾನೆ. ಇನ್ನೊಬ್ಬ ನಿಮ್ಮ ಕಾಲ ಬಳಿಯೇ ಉಂಗುರ ಸಿಕ್ಕಿದಂತೆ ನಟಿಸಿ ನಿಮಗೇ ಮಾರುತ್ತಾನೆ. ಕಾಗದ ಹಿಡಿದ ಹುಡುಗಿಯರು ಸಹಿ ಹಾಕಿ ಎಂದು ಮುತ್ತುತ್ತಾರೆ, ಕಾಗದದ ಕೆಳಗೆ ಅವರ ಇನ್ನೊಂದು ಕೈ ಕೆಲಸ ಮಾಡುತ್ತಿರುತ್ತದೆ. ಪೊಲೀಸ್ ಎಂದು ಹೇಳಿಕೊಂಡು ಪರ್ಸ್ ತೋರಿಸಿ ಎನ್ನುವವರಿದ್ದಾರೆ. ಮಣಿಕಟ್ಟಿಗೆ ಬಣ್ಣದ ದಾರ ಕಟ್ಟಿ ಗಂಟು ಬಿಗಿದು ದುಡ್ಡು ಕೇಳುವವರಂತೂ ಪ್ಯಾರಿಸ್ಸಿನ ಚರ್ಚಿನ ಮೆಟ್ಟಿಲು ಮೆಟ್ಟಿಲಿಗೆ.

ಆ ಬೆಳಿಗ್ಗೆ ಅಂಗಳದಲ್ಲಿ ದಾರದವಳು ನಾನೇ. ಕೆಂಪು ದಾರ ಹಿಡಿದು ನಗುತ್ತ ಬಂದೆ. ಅಕ್ಕ ಬಲಗೈ ಚಾಚಿದಳು, ಎಡಗೈಯನ್ನು ಅದರ ಕೆಳಗೆ ಹಿಡಿದಳು. ದೇವಸ್ಥಾನದಲ್ಲಿ ತೀರ್ಥಕ್ಕೆ ಒಡ್ಡುವ ಕೈ. ನಾಲ್ಕು ದಿನದಿಂದ ಇದೇ ಆಗುತ್ತಿತ್ತು.

"ಮತ್ತೆ ಕೈ ಒಡ್ಡಿದ್ಯಲೇ ಅಕ್ಕಾ!"

"ಆನು ಎಲ್ಲಿ ಒಡ್ಡಿದೆ? ಕೈ ಅದಾಗೇ ಹೋತು."

"ಅದಾಗೇ ಹೋಪ ಕೈಯ ಹಿಂದಕ್ಕೆ ಕಟ್ಗ."

ಮತ್ತೊಮ್ಮೆ ಬಂದೆ. ಈ ಸಲ ಕೈ ಹಿಂದೆ ಕಟ್ಟಿ ನಿಂತಳು. ಆದರೆ ಮುಖದಲ್ಲಿ ಎಷ್ಟು ದುಃಖವೆಂದರೆ ನಿಜವಾದ ಕಳ್ಳ ಬಂದಿದ್ದರೆ ಅವನೇ ಸಮಾಧಾನ ಹೇಳುತ್ತಿದ್ದ. ಉತ್ತೀರ್ಣ ಎಂದುಕೊಂಡು ಚಹಾಕ್ಕೆ ಬಿಟ್ಟೆ.

ಚಹಾ ಕುಡಿಯುತ್ತ ಅವಳು ತನ್ನ ಮೆಚ್ಚಿನ ಅಸ್ತ್ರ ತೆಗೆದಳು. "ನೀನು ಎಂಗೆ ಪಾಠ ಹೇಳ್ತೆ. ಅಲ್ಲಿ ನಿನ್ನನ್ನೇ ಕಳ್ಳಿ ಹೇಳಿ ಹಿಡಿದಿದ್ವಲೇ!"

ಇದು ನಡೆದದ್ದು ಹೌದು, ಮತ್ತು ಅಕ್ಕ ಇದನ್ನು ನಮ್ಮ ಬಳಗದಲ್ಲಿ ಯಾರಿಗೂ ಹೇಳದೆ ಬಿಟ್ಟಿಲ್ಲ. ಪ್ಯಾರಿಸ್ಸಿನ ಮೆಟ್ರೋದಲ್ಲಿ ನನಗೆ ಸೀಟು ಸಿಕ್ಕಿತ್ತು. ಎದುರಿಗೆ ಒಬ್ಬ ಹೆಂಗಸು ಭಾರದ ಚೀಲ ಹಿಡಿದು ನಿಂತಿದ್ದಳು. ನಮ್ಮ ಬಸ್ಸುಗಳಲ್ಲಿ ಕೂತವರು ಮಾಡುವ ಕೆಲಸವನ್ನೇ ನಾನು ಮಾಡಿದೆ: ಕೈ ಚಾಚಿ ಅವಳ ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಶಿರಸಿಯಿಂದ ಸಿದ್ದಾಪುರಕ್ಕೆ ಹಾಗೆ ಎಷ್ಟು ಜನರ ತರಕಾರಿ, ಎಷ್ಟು ಮಕ್ಕಳ ಪಾಟಿಚೀಲ ಹೊತ್ತಿದ್ದೇನೆ! ಆ ಹೆಂಗಸು ಕಿರುಚಿದ ಕಿರುಚಿಗೆ ಬೋಗಿಯೇ ತಿರುಗಿ ನೋಡಿತು. ನಮ್ಮ ಗೈಡ್ ಹುಡುಗ ಓಡಿ ಬಂದು ಅವಳ ಭಾಷೆಯಲ್ಲಿ ಏನೇನೋ ಹೇಳಿ ಬಿಡಿಸಿದ. ಅವಳು ಮುಂದಿನ ನಿಲ್ದಾಣದವರೆಗೂ ಚೀಲವನ್ನು ಎದೆಗೆ ಅಪ್ಪಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅದು ಬೇರೆ ವಿಷಯ" ಎಂದೆ. ಲೋಟ ತೊಳೆದಿಟ್ಟು ಹೊರಟೆವು.

ಪೇಟೆಯಲ್ಲಿ ಮೊದಲ ಕೆಲಸ ಪಾಸ್‌ಪೋರ್ಟಿನ ಜೆರಾಕ್ಸ್. ಅಸಲು ಒಂದು ಕಡೆ, ನಕಲು ಇನ್ನೊಂದು ಕಡೆ, ಎರಡೂ ಒಂದೇ ಚೀಲದಲ್ಲಿ ಇರಬಾರದು. ಇದು ನನ್ನ ನಿಯಮ. ನಕಲನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಅಸಲನ್ನು ಅಕ್ಕ ಕೊರಳಿಂದ ಅಡ್ಡಕ್ಕೆ ಹಾಕಿಕೊಂಡಿದ್ದ ಕಂದು ಬಟ್ಟೆಯ ಚೀಲದಲ್ಲಿಟ್ಟು, ಜಿಪ್ ಎಳೆದು, ಚೀಲವನ್ನು ಸೆರಗಿನ ಅಡಿಗೆ ಸರಿಸಿದೆ. ಪರೀಕ್ಷೆ ಇಷ್ಟೇ: ಶಿರಸಿಯಿಂದ ಯಲ್ಲಾಪುರದವರೆಗೆ, ತುಂಬಿದ ಬಸ್ಸಿನಲ್ಲಿ, ಆ ಚೀಲ ಅವಳ ಮೈ ಬಿಡಬಾರದು. ಬಿಡದಿದ್ದರೆ ಮಗನಿಗೆ "ಪಾಸು" ಎಂದು ಹೇಳುವುದು.

"ಯಲ್ಲಾಪುರದ ಬಸ್ಸಲ್ಲಿ ಯಾವ ಕಳ್ಳ ಇರ್ತ?"

"ಇಲ್ಲಿ ಕಳ್ಳ ಇಲ್ಲೆ ಹೇಳಿ ತಿಳ್ಕಂಡ್ರೆ ಅಲ್ಲೂ ಇಲ್ಲೆ ಹೇಳೇ ತಿಳ್ಕತ್ತೆ."

ಬಸ್ಸು ತುಂಬಿತ್ತು. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಾದ ಮೇಲೆ ಖಾಲಿ ಬಸ್ಸು ನೋಡಿದ ನೆನಪಿಲ್ಲ. ನಾವಿಬ್ಬರೂ ನಿಂತೆವು. ಹತ್ತುವವರು ನೂಕಿದ ರಭಸಕ್ಕೆ ನಾನು ಹಿಂದಕ್ಕೆ ಸರಿದು, ಅಕ್ಕನ ನೀಲಿ ಸೀರೆಯ ಬೆನ್ನು ಮಾತ್ರ ಕಾಣುವಂತಾಯಿತು. ಕಂಡಕ್ಟರು ಆಧಾರ್ ಕಾರ್ಡ್ ಕೇಳುತ್ತ ಬಂದ. ಅಕ್ಕ ಚೀಲವನ್ನು ಕೊರಳಿಂದ ತೆಗೆದು ಕಾರ್ಡ್ ಹುಡುಕಿ ತೋರಿಸಿದ್ದು, ಸೀಟಿನಲ್ಲಿದ್ದ ಯಾರೋ ಏನೋ ಕೇಳಿದ್ದು, ಅಕ್ಕ ನಕ್ಕಿದ್ದು ಇಷ್ಟು ನನಗೆ ತಿಳಿಯಿತು. ಅಕ್ಕ ನಗದ ಬಸ್ಸು ಯಾವುದಿದೆ? ನಾನು ನನ್ನ ಚೀಲದ ಜಿಪ್ಪನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡೆ.

ಉಮ್ಮಚಗಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಗಾಲಿ ಪಂಕ್ಚರಾಯಿತು. ಎಲ್ಲರೂ ಇಳಿದೆವು. ಬಿಸಿಲು. ಅಷ್ಟರಲ್ಲೇ ಹಿಂದಿನಿಂದ ಬೆಳಗಾವಿ ಬಸ್ಸು ಬಂತು. ಕಂಡಕ್ಟರು ಕೈ ತೋರಿಸಿ ನಿಲ್ಲಿಸಿದ್ದೇ ತಡ, ಜನ ಬಾಗಿಲಿಗೆ ಮುಗಿಬಿದ್ದರು. ಅಕ್ಕ ಓಡಲು ಹೊರಟಳು. ನಾನು ಅವಳ ತೋಳು ಹಿಡಿದು ನಿಲ್ಲಿಸಿದೆ. ಬಾಗಿಲ ಬಳಿಯ ನೂಕುನುಗ್ಗಲೇ ಕಿಸೆಗಳ್ಳರ ಜಾಗ. ಅದರೊಳಗೆ ಹೋಗಬಾರದು, ಬಸ್ಸು ತಪ್ಪಿದರೂ ಚಿಂತೆಯಿಲ್ಲ. ಇದೂ ಪಾಠದಲ್ಲಿ ಇತ್ತು.

"ಬಿಡೇ, ಬಿಡೇ!" ಎಂದಳು ಅಕ್ಕ.

"ನೂಕುನುಗ್ಗಲಿಗೆ ಹೋಪಲಾಗ ಹೇಳಿದ್ದಿಲ್ಯಾ?"

"ಅಯ್ಯೋ, ಎನ್ನ ಚೀಲ!"

ಬಸ್ಸು ತುಂಬಿ ಹೊರಟೇಬಿಟ್ಟಿತು. ನಾನು ಅಕ್ಕನ ಸೆರಗು ಎತ್ತಿ ನೋಡಿದೆ. ಕೊರಳಲ್ಲಿ ಚೀಲ ಇರಲಿಲ್ಲ. ಕೈಯಲ್ಲಿ ಆಧಾರ್ ಕಾರ್ಡ್ ಇತ್ತು.

ಅಕ್ಕ ಹೇಳಿದ್ದು ಹೀಗೆ. ಸೀಟಿನಲ್ಲಿ ಮಗುವನ್ನು ಕಟ್ಟಿಕೊಂಡು ಕೂತಿದ್ದ ಹೆಂಗಸು, "ಕೊಡ್ರಿ ಅಮ್ಮಾರ, ನಾ ಹಿಡ್ಕೋತೀನಿ, ನಿಂತು ಎಷ್ಟೊತ್ತು ಹಿಡ್ಕೋತೀರಿ?" ಎಂದಳಂತೆ. ಇವಳು ಕೊಟ್ಟಳಂತೆ. ಹೆಂಗಸಿನ ಊರು ಹಳಿಯಾಳದ ಕಡೆಯಂತೆ. ಹೆಸರು ಗೊತ್ತಿಲ್ಲ. ಮಗುವಿಗೆ ನೆಗಡಿಯಂತೆ, ಅದೊಂದು ಗೊತ್ತು. ಇಳಿಯುವ ಗಡಿಬಿಡಿಯಲ್ಲಿ ಅವಳು ಚೀಲದ ಸಮೇತ ಬೆಳಗಾವಿ ಬಸ್ಸು ಹತ್ತಿದ್ದಳು.

"ನಾಕು ದಿನ ಹೇಳಿದ್ದೆಲ್ಲ ಎಲ್ಲಿ ಹೋತು?"

"ಕೈ ಅದಾಗೇ ಹೋತು" ಎಂದಳು ಅಕ್ಕ. ಈ ಸಲ ನಗಲಿಲ್ಲ. "ಇನ್ನು ಹೋಪದು ಇಲ್ಲೆ, ಅಲ್ದನೇ?" ಎಂದು ಕೇಳಿದಳು.

ಪಾಸ್‌ಪೋರ್ಟ್ ಇಲ್ಲದೆ ಏಪ್ರಿಲಿನಲ್ಲಿ ಹೋಗುವುದು ಹೇಗೆ? ಹೊಸದಕ್ಕೆ ಓಡಾಡಿ ಅದು ಬರುವಷ್ಟರಲ್ಲಿ ಟುಲಿಪ್ಪು ಬಾಡಿ ಹೋಗಿರುತ್ತದೆ. ಇನ್ನೊಂದು ವರ್ಷ ಕಾಯಬಹುದು. ಆದರೆ ಅಕ್ಕನ ಮೊಣಕಾಲು ಕಾಯುತ್ತದೆಯೇ?

ನಮ್ಮ ಬಸ್ಸಿನ ಕಂಡಕ್ಟರು ಗಾಲಿಯ ಪಕ್ಕ ಕೂತಿದ್ದ. ಬೆಳಗಾವಿ ಬಸ್ಸಿನವರಿಗೆ ಫೋನ್ ಮಾಡು ಎಂದೆ. "ನೆಟ್‌ವರ್ಕ್ ಎಲ್ಲಿದ್ರಾ ಅಮ್ಮ ಇಲ್ಲಿ? ಮಂಚೀಕೇರಿ ಮುಟ್ಟಬೇಕು" ಎಂದ. ಇನ್ನೊಂದು ಬಸ್ಸು ಎಷ್ಟು ಹೊತ್ತಿಗೆ ಎಂದರೆ ಆಕಾಶ ನೋಡಿದ. ನಾನು ಫೋನ್ ಎತ್ತಿ ಹಿಡಿದು ರಸ್ತೆಯ ಆ ಬದಿಗೆ ಹೋದೆ, ಈ ಬದಿಗೆ ಬಂದೆ. ಗಡಿಯಾರ ನೋಡಿದೆ. ಮತ್ತೆ ಆ ಬದಿಗೆ ಹೋದೆ. ಬೆಳಗಾವಿ ಬಸ್ಸು ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲುತ್ತದೆ, ಆಮೇಲೆ ಹಳಿಯಾಳ. ಹಳಿಯಾಳದಲ್ಲಿ ನೆಗಡಿಯ ಮಗುವಿನ ತಾಯಿಯನ್ನು ಎಲ್ಲಿ ಹುಡುಕುವುದು?

ನಾನು ಹೀಗೆ ಓಡಾಡುತ್ತಿರುವಾಗ ಅಕ್ಕ ರಸ್ತೆಯ ನಡುವಿಗೇ ಹೋಗಿ ಕೈ ಅಡ್ಡ ಹಿಡಿದು ಒಂದು ಪಿಕಪ್ ನಿಲ್ಲಿಸಿದಳು. ಹಿಂದೆ ಮದುವೆ ಚಪ್ಪರದ ಪ್ಲಾಸ್ಟಿಕ್ ಕುರ್ಚಿಗಳನ್ನು ಹೇರಿತ್ತು. ಗುರುತಿಲ್ಲದವರ ಗಾಡಿ ಹತ್ತಬಾರದು ಎಂಬುದು ನನ್ನ ಪಾಠದ ಮೊದಲ ಸಾಲು. ಅಕ್ಕ ಆಗಲೇ ಒಳಗೆ ಕೂತಾಗಿತ್ತು.

"ಹತ್ತೇ! ಇವ ಕಳ್ಳ ಆದ್ರೂ ಯಲ್ಲಾಪುರಕ್ಕೇ ಹೋಪದು."

ಚಾಲಕ ನಕ್ಕ. "ಹತ್ತಿ ಅಮ್ಮ. ಕುರ್ಚಿ ಬಿಟ್ರೆ ನನ್ ಹತ್ರ ಕದಿಯೂಕೆ ಎಂತದೂ ಇಲ್ಲ, ನೀವು ಕದಿಯಬೇಡಿ ಅಷ್ಟೇ."

ಹತ್ತಿದೆ. ದಾರಿಯುದ್ದಕ್ಕೂ ಅಕ್ಕ ಅವನಿಗೆ ಡೇರೆ ಗಡ್ಡೆ ಯಾವಾಗ ನೆಡಬೇಕೆಂದು ಹೇಳುತ್ತಿದ್ದಳು. ಆದರೆ ಆಕೆಯ ಕೈಬೆರಳುಗಳು ಆಧಾರ್ ಕಾರ್ಡನ್ನು ಮಗುಚುತ್ತಲೇ ಇದ್ದವು. ನಾನು ತಿರುವು ತಿರುವಿಗೂ ಮುಂದೆ ಬಸ್ಸು ಕಾಣುತ್ತದೆಯೇ ಎಂದು ಕತ್ತು ಚಾಚಿದೆ. ಮಂಚೀಕೇರಿಯಲ್ಲಿ ಫೋನಿಗೆ ಜೀವ ಬಂತು. ಯಲ್ಲಾಪುರ ಬಸ್ ನಿಲ್ದಾಣದ ನಂಬರು ನನ್ನಲ್ಲಿರಲಿಲ್ಲ. ಅಕ್ಕನ ಮಗನಿಗೆ ಮಾಡಬಹುದಿತ್ತು. ಅಕ್ಕ ನನ್ನ ಬೆರಳನ್ನೇ ನೋಡುತ್ತಿದ್ದಳು. ಮಾಡಲಿಲ್ಲ.

ಯಲ್ಲಾಪುರ ತಲುಪಿದಾಗ ಬೆಳಗಾವಿ ಬಸ್ಸು ಹೋಗಿಯಾಗಿತ್ತು. ಅಕ್ಕ ಕಂಟ್ರೋಲರ ಕಿಟಕಿಗೆ ಓಡಿದಳು. ನಾನು ಕಾಯುವವರ ಬೆಂಚುಗಳನ್ನು ಸಾಲಾಗಿ ನೋಡುತ್ತ ಹೋದೆ. ಹಾಸ್ಟೆಲಿನಲ್ಲಿ ಹಾಜರಿ ಹಾಕುವಂತೆ ಒಂದನ್ನೂ ಬಿಡದೆ ನೋಡಿದೆ. ಕೊನೆಯ ಬೆಂಚಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಎರಡು ಚೀಲ ಇಟ್ಟುಕೊಂಡು ಕೂತಿದ್ದಳು. ಒಂದು ಹಸಿರು. ಇನ್ನೊಂದು ಕಂದು.

"ಅದು ನಮ್ಮದು" ಎಂದು ಕೈ ಹಾಕಿದೆ.

ಅವಳು ಚೀಲವನ್ನು ಎದೆಗೆ ಅವಚಿಕೊಂಡಳು. "ಕೈ ತೆಗಿರಾ! ಇದು ನಿಮ್ದಲ್ಲ."

"ನನ್ನ ಅಕ್ಕನದು."

"ಅದೆಲ್ಲ ಗೊತ್ತಿಲ್ಲ. ನೀಲಿ ಸೀರೆ ಅಮ್ಮಂದು ಅಂತ ಹೇಳಾರೆ, ನಗ್ತಾ ಮಾತಾಡ್ತಾರಂತೆ ಅವ್ರು. ನಿಮ್ದು ಬಿಳಿ ಸೀರೆ. ಮತ್ತೆ ನೀವು ನಗೂದೂ ಇಲ್ಲ."

ಸುತ್ತಲಿನವರು ತಿರುಗಿ ನೋಡಿದರು. ಪ್ಯಾರಿಸ್ಸಿನ ಬೋಗಿಯಲ್ಲಿ ನೋಡಿದ ಹಾಗೆಯೇ. ಗೈಡ್ ಹುಡುಗ ಇಲ್ಲಿರಲಿಲ್ಲ. ನಾನು ನನ್ನ ಚೀಲದಿಂದ ಜೆರಾಕ್ಸ್ ತೆಗೆದು ಮುಂದೆ ಹಿಡಿದೆ. ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು, "ಇದು ನೀವಲ್ಲವಲ್ರಾ!" ಎಂದಳು.

"ನಾನು ಅಂತ ಯಾರು ಹೇಳಿದ್ದು? ಅಕ್ಕಾ!" ಎಂದು ಕೂಗಿದೆ. ವಾರ್ಡನ್ ಆಗಿದ್ದಾಗಲೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಅಕ್ಕ ಬಂದಳು. ನೀಲಿ ಸೀರೆ ಕಂಡದ್ದೇ ಆ ಹೆಂಗಸು ಏನೂ ಕೇಳದೆ ಚೀಲ ಅವಳ ಕೈಗಿಟ್ಟಳು. ಹಳಿಯಾಳದವಳು ಬಸ್ಸು ಬಿಡುವವರೆಗೂ ಕೆಳಗೇ ನಿಂತು ಕಾದಳಂತೆ. ಹಾರ್ನ್ ಹೊಡೆದಾಗ ಇಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಮಡಿಲಿಗೆ ಚೀಲ ಹಾಕಿ, ಗುರುತು ಹೇಳಿ, ಹತ್ತಿದಳಂತೆ. ಅಜ್ಜಿಯ ಬಸ್ಸು ಬಂದಾಗ ಅಜ್ಜಿ ಅದೇ ಗುರುತು ಹೇಳಿ ಇವಳಿಗೆ ಕೊಟ್ಟಳಂತೆ. ಇವಳು ತನ್ನೂರಿನ ಒಂದು ಬಸ್ಸು ಬಿಟ್ಟು ಕೂತಿದ್ದಳು.

"ಕಂಟ್ರೋಲರ ಹತ್ರ ಕೊಡಬಹುದಿತ್ತಲ್ಲ?" ಎಂದೆ.

"ಅವ್ರು ಕಪಾಟಿಗೆ ಹಾಕಿ ಬೀಗ ಹಾಕಿ ಊಟಕ್ಕೆ ಹೋದ್ರೆ? ಆಮೇಲೆ ನೀವು ಯಾರನ್ನ ಕೇಳೂದು?" ಎಂದಳು.

ನಾನು ಅಲ್ಲೇ ಜಿಪ್ ತೆಗೆದೆ. ಪಾಸ್‌ಪೋರ್ಟ್ ಇತ್ತು. ಎಲೆ ಅಡಿಕೆಯ ಕವಳದ ಸಂಚಿ, ಪೆಪ್ಪರಮೆಂಟು ಇದ್ದವು. ಕೆಳಗೆ, ಕಾಗದದಲ್ಲಿ ಸುತ್ತಿದ ಒಂದು ಡೇರೆ ಗಡ್ಡೆಯೂ ಇತ್ತು. ಗಡ್ಡೆ ಒಯ್ಯಬಾರದು, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ನಾನು ಹೇಳಿಟ್ಟಿದ್ದೆ. ಅಕ್ಕ ಅದನ್ನು ಚೀಲದಿಂದ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟಳು. "ಹಳದಿ ಹೂ. ಮಳೆ ಶುರುವಾಪಾಗ ನೆಡು" ಎಂದಳು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಅಕ್ಕನ ಮನೆಗೆ ನಡೆದುಕೊಂಡೇ ಹೋದೆವು. ಅಕ್ಕ ಚೀಲವನ್ನು ಕೊರಳಿಗೆ ಹಾಕಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಗೇಟಿನ ಬಳಿ ನಿಂತು, "ಸುಳ್ಳು ಹೇಳಡ. ಫೇಲು ಹೇಳೇ ಹೇಳು" ಎಂದಳು. ಸ್ವರ ಗಟ್ಟಿಯಾಗಿಯೇ ಇತ್ತು. ಕಣ್ಣು ಮಾತ್ರ ಕಂಪೌಂಡಿನ ಒಳಗಿನ ಖಾಲಿ ಹೂಕುಂಡಗಳ ಮೇಲಿತ್ತು.

ಅಕ್ಕನ ಮಗ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಬಡಿಸುವ ಮೊದಲೇ ಕೇಳಿದ: "ಎಂತ ಚಿಕ್ಕಿ, ಪಾಸಾ?"

ನಡೆದದ್ದನ್ನೆಲ್ಲ ಹೇಳಿದೆ. ಬಸ್ಸು, ಪಂಕ್ಚರು, ಪಿಕಪ್ಪು, ನನ್ನನ್ನು ಗದರಿಸಿದ್ದು, ಯಾವುದನ್ನೂ ಬಿಡಲಿಲ್ಲ. ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. "ಹಂಗಾದ್ರೆ ಬ್ಯಾಡ. ಇಲ್ಲಿ ಆದ್ರೆ ಸಿಕ್ತು. ಅಲ್ಲಿ ಸಿಕ್ತಾ?"

"ಸಿಕ್ತಿಲ್ಲೆ" ಎಂದೆ.

ಅಕ್ಕ ಎದ್ದು ಮಜ್ಜಿಗೆ ತರಲು ಒಳಗೆ ಹೋದಳು. ಮಜ್ಜಿಗೆ ನಮ್ಮ ಮುಂದೆಯೇ ಇತ್ತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ನಾಲ್ಕು ದಿನ ಒಂದು ಕೈಯನ್ನು ಪಳಗಿಸಲು ಹೋಗಿದ್ದೆ. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಚೀಲ ಕೊಟ್ಟು, ಇಸಿದುಕೊಂಡು ಬೆಳೆದ ಕೈ ಅದು. ನನ್ನದೂ ಅದೇ ಕೈ, ಪ್ಯಾರಿಸ್ಸಿನಲ್ಲಿ ಅದಾಗೇ ಹೋಗಿತ್ತು. ಹಾಸ್ಟೆಲಿನಲ್ಲಿ ನಿದ್ದೆಯಲ್ಲಿ ನಡೆಯುವ ಹುಡುಗಿಯೊಬ್ಬಳು ಬಂದಾಗ ನಾನು ಅವಳಿಗೆ ನಡೆಯಬೇಡ ಎಂದು ಪಾಠ ಹೇಳಿರಲಿಲ್ಲ. ಅವಳ ಹಾಸಿಗೆಯನ್ನು ಮೆಟ್ಟಿಲ ಬಳಿಯಿಂದ ತೆಗೆಸಿ ಒಳಗಿನ ಕೋಣೆಗೆ ಹಾಕಿಸಿದ್ದೆ.

"ಅವಳು ಹೋಗ್ತು" ಎಂದೆ ಅಕ್ಕನ ಮಗನಿಗೆ. "ಚೀಲದಲ್ಲಿ ಪಾಸ್‌ಪೋರ್ಟ್ ಇದ್ರೆ ತಾನೇ ಕೊಡದು? ಅದು ಚೀಲದಲ್ಲಿ ಇರ್ತಿಲ್ಲೆ. ಸಂಜೆ ಒಳಗೆ ತೋರಿಸ್ತೆ. ಆಗ ನೋಡಿ ಹೇಳು."

ಊಟ ಮುಗಿದದ್ದೇ ಅಕ್ಕನ ಒಳಲಂಗಗಳನ್ನು ತರಿಸಿದೆ. ಹಳೆಯ ಗಟ್ಟಿ ಹಾಸು ಬಟ್ಟೆಯೊಂದನ್ನು ಕತ್ತರಿಸಿದೆ. ಸೊಂಟದ ಪಟ್ಟಿಯ ಕೆಳಗೆ, ಬಲಗಡೆ, ಒಳಮೈಗೆ ಒಂದೊಂದು ಕಿಸೆ. ಪಾಸ್‌ಪೋರ್ಟ್ ಹೋಗುವಷ್ಟು ಉದ್ದ, ಅಡ್ಡ ತಿರುಗದಷ್ಟು ಬಿಗಿ. ಮೇಲೆ ಮಡಿಕೆ, ಮಡಿಕೆಗೆ ಗುಂಡಿ. ಸೊಸೆ ಮಷಿನ್ ಇದೆ ಎಂದಳು, ಬೇಡವೆಂದೆ. ಎರಡೆಳೆ ದಾರ ಹಾಕಿ ಕೈಯಿಂದಲೇ ಒತ್ತೊತ್ತಾಗಿ ಹೊಲಿದೆ. ಅಕ್ಕ ಪಕ್ಕದಲ್ಲಿ ಕೂತು ಪ್ರತಿ ಹೊಲಿಗೆಗೂ ಒಂದು ಮಾತು ಹೇಳಿದಳು.

"ಅಲ್ಲಿ ಅಧಿಕಾರಿ ಪಾಸ್‌ಪೋರ್ಟ್ ತೋರಿಸು ಹೇಳಿದ್ರೆ ಎಂತ ಮಾಡದೇ?"

"ಬಚ್ಚಲುಮನೆ ಎಲ್ಲಿ ಹೇಳಿ ಕೇಳು."

ಸೊಸೆ ಬಾಗಿಲಲ್ಲಿ ನಿಂತು ನಕ್ಕಳು. ಅಕ್ಕನೂ ನಕ್ಕಳು. ಉಮ್ಮಚಗಿಯ ಬಿಸಿಲಿನಲ್ಲಿ ನಿಂತ ನಂತರ ಮೊದಲ ಸಲ.

ದೀಪ ಹಚ್ಚುವ ಹೊತ್ತಿಗೆ ಮಗ ಬಂದ. ಅಕ್ಕ ಹೊಸ ಕಿಸೆಯ ಲಂಗ ಉಟ್ಟು, ಮೇಲೆ ನೀಲಿ ಸೀರೆ ಉಟ್ಟು, ಕಂದು ಚೀಲ ಕೊರಳಿಗೆ ಹಾಕಿ ನಡುಮನೆಯಲ್ಲಿ ನಿಂತಳು. ನಾನು ಕುರ್ಚಿಯಲ್ಲಿ ಕೂತು ಕೈ ಚಾಚಿದೆ. "ಕೊಡಿ ಅಮ್ಮ, ನಾ ಹಿಡ್ಕತ್ತೆ. ನಿಂತು ಎಷ್ಟೊತ್ತು?"

ಅಕ್ಕ ಚೀಲವನ್ನು ಕೊರಳಿಂದ ತೆಗೆದು ನನ್ನ ಮಡಿಲಿಗಿಟ್ಟಳು. ಒಂದು ಕ್ಷಣವೂ ಯೋಚಿಸಲಿಲ್ಲ. ನಾನು ಜಿಪ್ ಎಳೆದು ಮಗನಿಗೆ ತೋರಿಸಿದೆ. ಕವಳದ ಸಂಚಿ ಮತ್ತು ಪೆಪ್ಪರಮೆಂಟು.

ಅವನು ಒಂದು ಪೆಪ್ಪರಮೆಂಟು ತೆಗೆದು ಬಾಯಿಗೆ ಹಾಕಿಕೊಂಡ. "ಟೂರಿನವರಿಗೆ ನಾಳೆ ಎಂತಕ್ಕೆ, ಈಗಲೇ ಹೇಳ್ತೆ" ಎಂದು ಫೋನ್ ಹಿಡಿದು ಅಂಗಳಕ್ಕೆ ಹೋದ.

ಇನ್ನೊಂದು ಲಂಗದ ಗುಂಡಿ ಬಾಕಿ ಇತ್ತು. ಕೂತು ಹಾಕಿದೆ. ಗಂಟು ಬಿಗಿದು ದಾರ ಕತ್ತರಿಸಿ, ಸೂಜಿಯನ್ನು ಸೊಸೆಯ ಹೊಲಿಗೆ ಡಬ್ಬಿಯಲ್ಲಿ ಅದರ ಜಾಗದಲ್ಲಿ ಚುಚ್ಚಿಟ್ಟು ಮುಚ್ಚಳ ಹಾಕಿದೆ.